ಸೋಂಕು ನಿವಾರಣೆಯಲ್ಲಿ ವೃತ್ತಿ ಪ್ರಮಾಣಪತ್ರದ ಮಹತ್ವ

ಪೀಠಿಕೆ

ರೋಗಿಯಾದವನು ಆಸ್ಪತ್ರೆಯ ಹೊಸ್ತಿಲನ್ನು ತುಳಿಯುವುದು ಇರುವ ರೋಗವನ್ನು ಕಳೆದುಕೊಳ್ಳಬೇಕೆಂಬ ಆಸೆಯಿಂದಲೇ ಹೊರತು ಇಲ್ಲದ ರೋಗವೊಂದನ್ನು ಪಡೆದು ಬರಬೇಕೆಂಬ ಉದ್ದೇಶದಿಂದಲ್ಲ. ಆದರೂ ಕಾಲು ಮುರಿದು ಸೇರಿದವನು ಶ್ವಾಸಕೋಶದ ಸೋಂಕಿನಿಂದ ನರಳುವುದು, ಸುಖವಾಗಿ ಹೆತ್ತ ತಾಯಿ ಮೂರನೆಯ ದಿನ ಜ್ವರದಿಂದ ಹಾಸಿಗೆ ಹಿಡಿಯುವುದು, ಶಸ್ತ್ರಕ್ರಿಯೆ ಚೆನ್ನಾಗಿ ನೆರವೇರಿತೆಂದು ಸಂತೋಷದಿಂದ ಮನೆಗೆ ಮರಳಿದವನ ಗಾಯ ಕೀವುಗಟ್ಟುವುದು ಇವೆಲ್ಲ ಯಾವುದೋ ಒಂದು ದೇಶಕ್ಕೆ ಸೀಮಿತವಾದ ಸಂಗತಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಿರಿವಂತ ರಾಷ್ಟ್ರಗಳ ಆಸ್ಪತ್ರೆಗಳಲ್ಲಿ ಒಳರೋಗಿಗಳಾಗಿ ಸೇರುವ ಪ್ರತಿ ೧೦೦ ಮಂದಿಯಲ್ಲಿ ೭ ಮಂದಿಗೆ, ಮಧ್ಯಮ ಹಾಗೂ ಕೆಳ ಆದಾಯದ ರಾಷ್ಟ್ರಗಳಲ್ಲಿ ೧೫ ಮಂದಿಗೆ, ಆಸ್ಪತ್ರೆಯ ವಾಸದಲ್ಲಿಯೇ ಕನಿಷ್ಠ ಒಂದು ಸೋಂಕು ತಗಲುತ್ತದೆ. ಹಾಗೆ ತಗಲಿಸಿಕೊಂಡವರಲ್ಲಿ ಸರಾಸರಿ ೧೦ ಮಂದಿಗೆ ಒಬ್ಬರು ಮರಣ ಹೊಂದುತ್ತಾರೆ.

ಈ ಸೋಂಕುಗಳಲ್ಲಿ ಬಹಳಷ್ಟನ್ನು ತಡೆಯಲು ಸಾಧ್ಯವಿದೆ. ತಡೆಯುವುದು ಕೇವಲ ಗುಡಿಸಿ ಒರೆಸುವ ಕೆಲಸವಲ್ಲ, ಅದೊಂದು ವಿದ್ಯೆ. ಆ ವಿದ್ಯೆಯನ್ನು ಬಲ್ಲವರು ಯಾರು? ಬಲ್ಲೆವೆಂದು ಹೇಳಿಕೊಳ್ಳುವವರು ನಿಜವಾಗಿಯೂ ಬಲ್ಲರೆಂಬುದನ್ನು ಸಮಾಜವು ತಿಳಿಯುವ ಬಗೆ ಯಾವುದು? ಈ ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಪರೀಕ್ಷೆಯೆಂಬುದರ ಮರ್ಮವನ್ನು ಬಲ್ಲ ಅಧ್ಯಾಪಕರಿಗೂ, ವೈದ್ಯಕೀಯ ಮತ್ತು ಶುಶ್ರೂಷಾ ವೃತ್ತಿಗಳಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿಗಳಿಗೂ, ಆಸ್ಪತ್ರೆಗಳಿಗೆ ಉದಾರವಾಗಿ ನೆರವು ನೀಡುವ ದಾನಿಗಳಿಗೂ ಈ ವಿಷಯ ಹೊರಗಿನದಲ್ಲವೆಂದು ನನ್ನ ಭಾವನೆ.

ವಿಯೆನ್ನಾ ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಎರಡನೆಯದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ೧೮೪೬ರಲ್ಲಿ ಮೊದಲ ವಿಭಾಗದಲ್ಲಿ ನಡೆದ ೪,೦೧೦ ಹೆರಿಗೆಗಳಲ್ಲಿ ೪೫೯ ತಾಯಂದಿರು ಬಾಣಂತಿ ಜ್ವರಕ್ಕೆ ಬಲಿಯಾದರು. ಎರಡನೆಯದರಲ್ಲಿ ೩,೭೫೪ ಹೆರಿಗೆಗಳಿಗೆ ೧೦೫ ಮಂದಿ ಮಾತ್ರ. ಓದಿದ ವೈದ್ಯರ ಕೈಯಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು ಮಂದಿ ಸತ್ತರೆ, ಸೂಲಗಿತ್ತಿಯರ ಕೈಯಲ್ಲಿ ಮೂವರೂ ಸಾಯುತ್ತಿರಲಿಲ್ಲ.

ಹಂಗೇರಿ ಮೂಲದ ಇಗ್ನಾಜ್ ಸೆಮೆಲ್ವೈಸ್ ಎಂಬ ಯುವ ವೈದ್ಯರು ಇದರ ಕಾರಣವನ್ನು ಹುಡುಕಿ ತೆಗೆದರು. ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆಯ ಕೊಠಡಿಯಿಂದ ನೇರವಾಗಿ ಹೆರಿಗೆ ಕೊಠಡಿಗೆ ಬರುತ್ತಿದ್ದರು. ಅವರ ಕೈಗಳೇ ಮೃತ್ಯುವನ್ನು ಹೊತ್ತು ತರುತ್ತಿದ್ದವು. ೧೮೪೭ರ ಮೇ ತಿಂಗಳಿನಲ್ಲಿ ಅವರು ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ವಿಧಿಸಿದರು. ಏಪ್ರಿಲಿನಲ್ಲಿ ಶೇಕಡಾ ೧೮.೩ರಷ್ಟಿದ್ದ ಮರಣ ಪ್ರಮಾಣ ಜುಲೈ ವೇಳೆಗೆ ಶೇಕಡಾ ೧.೨ಕ್ಕೆ ಇಳಿಯಿತು. ೧೮೪೮ರ ಇಡೀ ವರ್ಷದಲ್ಲಿ ೩,೫೫೬ ಹೆರಿಗೆಗಳಲ್ಲಿ ಸತ್ತವರು ೪೫ ಮಂದಿ.

ಇಷ್ಟಾದರೂ ಸೆಮೆಲ್ವೈಸರ ಮಾತಿಗೆ ಮನ್ನಣೆ ದೊರೆಯಲಿಲ್ಲ. ೧೮೪೯ರಲ್ಲಿ ಅವರ ಹುದ್ದೆ ಮುಂದುವರಿಯಲಿಲ್ಲ. ತಮ್ಮ ಸಂಶೋಧನೆಯನ್ನು ಸಮಗ್ರವಾಗಿ ಗ್ರಂಥರೂಪದಲ್ಲಿ ಅವರು ಹೊರತಂದದ್ದು ೧೮೬೧ರಲ್ಲಿ. ೧೮೬೫ರಲ್ಲಿ, ತಮ್ಮ ೪೭ನೆಯ ವಯಸ್ಸಿನಲ್ಲಿ, ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ಅವರು ತೀರಿಕೊಂಡರು.

ಈ ದುರಂತದಿಂದ ಕಲಿಯಬೇಕಾದ ಪಾಠ ಎರಡು ಬಗೆಯದು. ಕೈ ತೊಳೆಯುವುದರಿಂದ ಜೀವ ಉಳಿಯುತ್ತದೆಂಬುದು ಮೊದಲನೆಯದು. ಅದನ್ನು ಲೋಕವೆಲ್ಲ ಬಲ್ಲದು. ಎರಡನೆಯದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಸತ್ಯವನ್ನು ತಿಳಿದವನೊಬ್ಬನು ಆಸ್ಪತ್ರೆಯಲ್ಲಿದ್ದರೆ ಸಾಲದು. ಅವನ ತಿಳಿವಿಗೆ ಅವನ ಹುದ್ದೆಯನ್ನೂ ಸ್ವಭಾವವನ್ನೂ ಅವಲಂಬಿಸದ ಒಂದು ಮಾನ್ಯತೆ ಇರಬೇಕು. ಸೆಮೆಲ್ವೈಸರು ಕೇವಲ ಸಹಾಯಕ ವೈದ್ಯರಾಗಿದ್ದರು. ಹಿರಿಯರ ಎದುರು ನಿಂತು ‘ನಿಮ್ಮ ಕೈಯನ್ನು ತೊಳೆದುಕೊಳ್ಳಿ’ ಎಂದು ಹೇಳಲು ಅವರಿಗಿದ್ದ ಬಲ ಅಂಕಿಅಂಶಗಳದೊಂದೇ. ಆ ಅಂಕಿಅಂಶಗಳನ್ನು ಓದಿ ಒಪ್ಪುವಂಥ ವೃತ್ತಿಯೊಂದು ಆಗ ಇನ್ನೂ ಹುಟ್ಟಿರಲಿಲ್ಲ.

ವೃತ್ತಿಯೊಂದರ ಉದಯ

ಆ ವೃತ್ತಿ ಹುಟ್ಟಲು ಸುಮಾರು ಒಂದು ಶತಮಾನ ಕಾಯಬೇಕಾಯಿತು. ೧೯೫೦ರ ದಶಕದಲ್ಲಿ ಪೆನಿಸಿಲಿನ್ ಔಷಧಕ್ಕೆ ಬಗ್ಗದ ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಾಣು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಹಾವಳಿಯೆಬ್ಬಿಸಿತು. ಔಷಧವೊಂದರಿಂದಲೇ ಎಲ್ಲವನ್ನೂ ಗೆಲ್ಲಬಹುದೆಂಬ ಭ್ರಮೆ ಹರಿಯಿತು. ಇಂಗ್ಲೆಂಡಿನ ಟಾರ್ಬೆ ಆಸ್ಪತ್ರೆಯಲ್ಲಿ ೧೯೫೯ರಲ್ಲಿ ಒಬ್ಬ ಅನುಭವಿ ದಾದಿಯನ್ನು ಈ ಕೆಲಸಕ್ಕೆಂದೇ ನೇಮಿಸಿದರು. ವಾರ್ಡಿನಿಂದ ವಾರ್ಡಿಗೆ ತಿರುಗಿ, ಯಾರಿಗೆ ಸೋಂಕು ತಗಲಿದೆ, ಎಲ್ಲಿಂದ ತಗಲಿತು ಎಂದು ಬರೆದಿಡುವುದು, ಹರಡದಂತೆ ತಡೆಯುವುದು ಅವರ ಕಾರ್ಯವಾಗಿತ್ತು. ಸೋಂಕು ನಿಯಂತ್ರಣ ದಾದಿಯೆಂಬ ಹುದ್ದೆಯ ಆರಂಭ ಇದೇ.

ಅಮೆರಿಕದಲ್ಲಿ ಈ ಕೆಲಸದಲ್ಲಿ ತೊಡಗಿದವರು ೧೯೭೨ರಲ್ಲಿ ತಮ್ಮದೇ ಆದ ವೃತ್ತಿ ಸಂಘವನ್ನು ಕಟ್ಟಿಕೊಂಡರು. ಇಂಥವರಿಂದ ನಿಜವಾಗಿಯೂ ಪ್ರಯೋಜನವಿದೆಯೇ ಎಂಬ ಸಂದೇಹವನ್ನು ನಿವಾರಿಸಲು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಕೇಂದ್ರವು ದೇಶದ ಆಸ್ಪತ್ರೆಗಳನ್ನು ಕುರಿತು ವಿಸ್ತಾರವಾದ ಅಧ್ಯಯನವೊಂದನ್ನು ನಡೆಸಿ, ಅದರ ಫಲಿತಾಂಶವನ್ನು ೧೯೮೫ರಲ್ಲಿ ಹೊರಗೆಡಹಿತು. ಸೋಂಕುಗಳ ಕ್ರಮಬದ್ಧ ನಿಗಾ, ಪ್ರತಿ ೨೫೦ ಹಾಸಿಗೆಗಳಿಗೆ ಒಬ್ಬ ಸೋಂಕು ನಿಯಂತ್ರಣ ದಾದಿ, ಈ ಶಾಸ್ತ್ರದಲ್ಲಿ ತರಬೇತಿ ಪಡೆದ ಒಬ್ಬ ವೈದ್ಯ, ಗಾಯದ ಸೋಂಕಿನ ಅಂಕಿಅಂಶವನ್ನು ಆಯಾ ಶಸ್ತ್ರವೈದ್ಯರಿಗೆ ತಿಳಿಸುವ ಏರ್ಪಾಡು ಇವೆಲ್ಲ ಇದ್ದಲ್ಲಿ ಸೋಂಕು ಶೇಕಡಾ ೩೨ರಷ್ಟು ತಗ್ಗಿತ್ತು. ಇಂಥ ವ್ಯವಸ್ಥೆಯೇ ಇಲ್ಲದ ಆಸ್ಪತ್ರೆಗಳಲ್ಲಿ ಅದೇ ಅವಧಿಯಲ್ಲಿ ಶೇಕಡಾ ೧೮ರಷ್ಟು ಏರಿತ್ತು. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಭೇದವನ್ನುಂಟುಮಾಡಿದ್ದು ಕಟ್ಟಡವೂ ಅಲ್ಲ, ಹೊಸ ಔಷಧವೂ ಅಲ್ಲ. ಬಲ್ಲ ಮನುಷ್ಯರು ಮತ್ತು ಅವರಿಗೆ ದೊರೆತ ಸ್ಥಾನ.

ಪ್ರಮಾಣಪತ್ರವೆಂದರೇನು?

ಬಲ್ಲ ಮನುಷ್ಯರು ಬೇಕೆಂದಾದ ಮೇಲೆ, ಬಲ್ಲವರನ್ನು ಗುರುತಿಸುವ ಬಗೆಯೂ ಬೇಕಾಯಿತು. ಇದಕ್ಕಾಗಿ ಅಮೆರಿಕದಲ್ಲಿ ಪ್ರತ್ಯೇಕ ಪ್ರಮಾಣೀಕರಣ ಮಂಡಲಿಯೊಂದು ರಚಿತವಾಗಿ, ೧೯೮೩ರಲ್ಲಿ ಮೊದಲ ಪರೀಕ್ಷೆಯನ್ನು ನಡೆಸಿತು. ಇದರಲ್ಲಿ ತೇರ್ಗಡೆಯಾದವರು ತಮ್ಮ ಹೆಸರಿನ ಮುಂದೆ ‘ಸಿ.ಐ.ಸಿ.’ ಎಂಬ ಅಕ್ಷರಗಳನ್ನು ಬರೆದುಕೊಳ್ಳಬಹುದು. ಇಂದು ಅನೇಕ ದೇಶಗಳ ವೃತ್ತಿನಿರತರು ಈ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಮೂರು ದಿನದ ಶಿಬಿರದಲ್ಲಿ ಭಾಗವಹಿಸಿದವರಿಗೆ ಕೊಡುವ ಪತ್ರವೂ ಪ್ರಮಾಣಪತ್ರವೆಂದೇ ಕರೆಯಲ್ಪಡುತ್ತದೆ. ಆದರೆ ಅದು ಹೇಳುವುದು ‘ಇವರು ಬಂದಿದ್ದರು, ಕೇಳಿದರು’ ಎಂದಷ್ಟೇ. ವೃತ್ತಿ ಪ್ರಮಾಣಪತ್ರ ಹೇಳುವುದು ‘ಇವರನ್ನು ಪರೀಕ್ಷಿಸಿ ನೋಡಲಾಗಿದೆ, ಇವರು ಬಲ್ಲರು’ ಎಂದು. ಅಧ್ಯಾಪಕರಾದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಶಾಲೆಯೊಳಗಿನ ಪರೀಕ್ಷೆಯಲ್ಲಿ ಪ್ರಶ್ನೆ ತೆಗೆಯುವವರೂ ಪಾಠ ಹೇಳಿದವರೇ, ಉತ್ತರ ತಿದ್ದುವವರೂ ಅವರೇ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಾದರೋ ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ, ಉತ್ತರ ಪತ್ರಿಕೆ ಹೊರಗೆ ಹೋಗುತ್ತದೆ. ವಿದ್ಯಾರ್ಥಿಯ ಪರಿಚಯವಿಲ್ಲದವರು ಅದಕ್ಕೆ ಬೆಲೆ ಕಟ್ಟುತ್ತಾರೆ. ಶಾಲೆಯೊಳಗಿನ ಪರೀಕ್ಷೆ ನಿರುಪಯೋಗವೆಂದು ಇದರ ಅರ್ಥವಲ್ಲ. ಆದರೆ ಊರಾಚೆಯವರು ನಂಬಬೇಕಾದರೆ ಹೊರಗಿನ ಒರೆಗಲ್ಲು ಬೇಕೇ ಬೇಕು.

ಇನ್ನೊಂದು ವಿಶೇಷವೂ ಇದೆ. ಈ ಪರೀಕ್ಷೆ ಈಗತಾನೆ ಕಾಲೇಜಿನಿಂದ ಹೊರಬಂದವರಿಗೆ ಏರ್ಪಟ್ಟದ್ದಲ್ಲ; ಆಸ್ಪತ್ರೆಗಳಲ್ಲಿ ಸೋಂಕು ನಿವಾರಣೆಯ ಹೊಣೆಯನ್ನು ಹೊತ್ತು ದುಡಿಯುತ್ತಿರುವವರಿಗಾಗಿ ಏರ್ಪಟ್ಟದ್ದು. ಅನುಭವಕ್ಕೆ ಬದಲಾಗಿ ಪ್ರಮಾಣಪತ್ರವಲ್ಲ, ಅನುಭವದ ಮೇಲೆ ಪ್ರಮಾಣಪತ್ರ. ಪಡೆದ ಪ್ರಮಾಣಪತ್ರವು ಐದು ವರ್ಷಗಳಿಗೆ ಮಾತ್ರ ಸಲ್ಲುತ್ತದೆ. ಆಮೇಲೆ ಅದನ್ನು ನವೀಕರಿಸಿಕೊಳ್ಳಬೇಕು.

ಪರೀಕ್ಷೆಯು ಬೇಡುವ ಜ್ಞಾನ

ಸೋಂಕು ರೋಗಗಳ ಲಕ್ಷಣ, ರೋಗ ಹರಡುವ ಮಾರ್ಗ, ಉಪಕರಣಗಳ ಶುದ್ಧೀಕರಣ, ಆಸ್ಪತ್ರೆಯ ಗಾಳಿ ನೀರುಗಳ ವ್ಯವಸ್ಥೆ, ಸಿಬ್ಬಂದಿಯ ಆರೋಗ್ಯ, ಅಂಕಿಅಂಶಗಳ ಸಂಗ್ರಹ ಮತ್ತು ವಿಶ್ಲೇಷಣೆ, ಇತರರಿಗೆ ಕಲಿಸುವ ಕ್ರಮ ಮುಂತಾದವು ಪರೀಕ್ಷೆಯ ವಿಷಯಗಳು. ಇವುಗಳ ಅಗತ್ಯವನ್ನು ಮನಗಾಣಲು ಒಂದೆರಡು ಉದಾಹರಣೆಗಳನ್ನು ನೋಡೋಣ.

ತೀವ್ರ ನಿಗಾ ಘಟಕದಲ್ಲಿ ರೋಗಿಯ ದೊಡ್ಡ ರಕ್ತನಾಳಕ್ಕೆ ನಳಿಕೆಯನ್ನು ಸೇರಿಸುವುದುಂಟು. ಅದರ ಮೂಲಕ ಸೂಕ್ಷ್ಮಾಣುಗಳು ರಕ್ತಕ್ಕೆ ಸೇರುವ ಅಪಾಯವಿದೆ. ಎರಡು ಆಸ್ಪತ್ರೆಗಳನ್ನು ಕಲ್ಪಿಸಿಕೊಳ್ಳೋಣ. ಒಂದು ವರ್ಷದಲ್ಲಿ ಮೊದಲನೆಯದರಲ್ಲಿ ಇಂಥ ೪ ಸೋಂಕುಗಳೂ ಎರಡನೆಯದರಲ್ಲಿ ೬ ಸೋಂಕುಗಳೂ ಕಂಡುಬಂದವೆನ್ನಿ. ಮೇಲುನೋಟಕ್ಕೆ ಮೊದಲನೆಯದೇ ಮೇಲು. ಆದರೆ ಮೊದಲನೆಯದರಲ್ಲಿ ರೋಗಿಗಳೆಲ್ಲರಿಗೂ ನಳಿಕೆ ಇದ್ದ ದಿನಗಳನ್ನು ಕೂಡಿಸಿದರೆ ೮೦೦, ಎರಡನೆಯದರಲ್ಲಿ ೩,೦೦೦. ಸಾವಿರ ದಿನಗಳಿಗೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ೫, ಎರಡನೆಯದರಲ್ಲಿ ೨ ಮಾತ್ರ. ಛೇದವನ್ನು ಬಿಟ್ಟು ಅಂಶವನ್ನು ಮಾತ್ರ ನೋಡುವ ಆಡಳಿತ ಮಂಡಲಿ ಚೆನ್ನಾಗಿ ಕೆಲಸ ಮಾಡಿದವರನ್ನು ದಂಡಿಸಿ, ಎಚ್ಚರಗೊಳ್ಳಬೇಕಾದವರನ್ನು ಸನ್ಮಾನಿಸೀತು. ಭಿನ್ನರಾಶಿಯ ಈ ಸರಳ ಪಾಠ ರೋಗಿಯ ಪ್ರಾಣದ ಪ್ರಶ್ನೆಯಾಗುವುದು ಹೀಗೆ.

ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ರೋಗಿಯ ಮೈಯನ್ನು ಕ್ಷೌರದ ಕತ್ತಿಯಿಂದ ಬೋಳಿಸುವುದು ಬಹುಕಾಲ ಶುಚಿತ್ವದ ಲಕ್ಷಣವೆನಿಸಿತ್ತು. ಕತ್ತಿಯಿಂದಾಗುವ ಕಣ್ಣಿಗೆ ಕಾಣದ ಗೀರುಗಳಲ್ಲಿ ಸೂಕ್ಷ್ಮಾಣುಗಳು ನೆಲೆಸುವುದರಿಂದ ಸೋಂಕು ಹೆಚ್ಚುತ್ತದೆಂದು ಅನಂತರ ತಿಳಿದುಬಂತು. ಕೂದಲನ್ನು ತೆಗೆಯಲೇಬಾರದು, ಅನಿವಾರ್ಯವಾದರೆ ಯಂತ್ರದಿಂದ ಕತ್ತರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೬ರಲ್ಲಿ ಸೂಚಿಸಿತು. ಅದೇ ರೀತಿ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಫಾರ್ಮಲಿನ್ ಹೊಗೆ ಹಾಕುವ ಪದ್ಧತಿ ನಮ್ಮಲ್ಲಿ ಬಹಳ ವರ್ಷ ಬಳಕೆಯಲ್ಲಿತ್ತು. ಆ ಹೊಗೆ ಉಸಿರಾಡುವವರಿಗೆ ವಿಷ, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಮೇಲ್ಮೈಗಳನ್ನು ಚೆನ್ನಾಗಿ ತೊಳೆದು ಒರೆಸುವುದು, ಕೊಠಡಿಯ ಗಾಳಿಯನ್ನು ಸರಿಯಾಗಿ ಬದಲಾಯಿಸುವುದು, ಉಪಕರಣಗಳನ್ನು ಆಟೋಕ್ಲೇವಿನಲ್ಲಿ ಕ್ರಮವಾಗಿ ಶುದ್ಧಿಗೊಳಿಸುವುದು ಇವಕ್ಕೆ ಹೊಗೆ ಬದಲಾಗಲಾರದು. ಕೈಗೆ ಹಚ್ಚುವ ಆಲ್ಕೋಹಾಲ್ ದ್ರಾವಣ ಬಹುತೇಕ ಸಂದರ್ಭಗಳಲ್ಲಿ ಉತ್ತಮವಾದರೂ, ತೀವ್ರ ಭೇದಿಯನ್ನುಂಟುಮಾಡುವ ಸೂಕ್ಷ್ಮಾಣುವೊಂದರ ಬೀಜಕಗಳನ್ನು ಅದು ಕೊಲ್ಲಲಾರದು. ಅಲ್ಲಿ ಸೋಪು ನೀರೇ ಗತಿ.

ಇಲ್ಲೆಲ್ಲ ಗಮನಿಸಬೇಕಾದದ್ದು, ತಪ್ಪು ಪದ್ಧತಿಗಳನ್ನು ಅನುಸರಿಸಿದವರು ಸೋಮಾರಿಗಳಲ್ಲ, ನಿಷ್ಠಾವಂತರು. ತಾವು ಕಲಿತದ್ದನ್ನು ಶ್ರದ್ಧೆಯಿಂದ ಮಾಡಿದರು, ಕಲಿತದ್ದು ಹಳತಾಗಿತ್ತು. ಶ್ರದ್ಧೆಯೊಂದೇ ಸಾಲದು, ಅದರ ಬೆನ್ನಿಗೆ ಹೊಸತಾಗುತ್ತಿರುವ ಜ್ಞಾನವಿರಬೇಕು. ಐದು ವರ್ಷಕ್ಕೊಮ್ಮೆ ನವೀಕರಣವೆಂಬ ನಿಯಮದ ಸಾರ್ಥಕತೆ ಇರುವುದೇ ಇಲ್ಲಿ.

ಪ್ರಯೋಜನಗಳು

ಪ್ರಮಾಣಪತ್ರದ ಮೊದಲ ಪ್ರಯೋಜನ ರೋಗಿಗೆ. ಕ್ಯಾಲಿಫೋರ್ನಿಯ ರಾಜ್ಯದ ಆಸ್ಪತ್ರೆಗಳನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೋಂಕು ನಿಯಂತ್ರಣ ವಿಭಾಗದ ಮುಖ್ಯಸ್ಥರು ಪ್ರಮಾಣಪತ್ರ ಪಡೆದಿದ್ದ ಕಡೆಗಳಲ್ಲಿ, ಔಷಧಕ್ಕೆ ಬಗ್ಗದ ಸ್ಟೆಫಿಲೊಕಾಕಸ್ಸಿನಿಂದಾಗುವ ರಕ್ತದ ಸೋಂಕು ಕಡಿಮೆಯಿದ್ದುದು ಕಂಡುಬಂತು. ಪ್ರಮಾಣಪತ್ರವೊಂದೇ ಇದಕ್ಕೆ ಕಾರಣವೆಂದು ಸಾಧಿಸಲಾಗದು; ಅಂಥವರನ್ನು ನೇಮಿಸುವ ಆಸ್ಪತ್ರೆ ಇತರ ವಿಷಯಗಳಲ್ಲಿಯೂ ಎಚ್ಚರವಾಗಿರಬಹುದು. ಆದರೂ ಎರಡೂ ಜೊತೆಜೊತೆಯಾಗಿ ಸಾಗುತ್ತವೆಂಬುದು ಗಮನಾರ್ಹ.

ಎರಡನೆಯ ಪ್ರಯೋಜನ ಪ್ರಮಾಣಪತ್ರ ಪಡೆದವರಿಗೆ. ಸೋಂಕು ನಿಯಂತ್ರಣ ದಾದಿಯ ಕೆಲಸ ಬಹು ಇಕ್ಕಟ್ಟಿನದು. ಪ್ರಖ್ಯಾತ ಶಸ್ತ್ರವೈದ್ಯರೊಬ್ಬರಿಗೆ ‘ಸ್ವಾಮಿ, ಈ ರೋಗಿಯಿಂದ ಆ ರೋಗಿಗೆ ಹೋಗುವ ಮುನ್ನ ಕೈ ಶುದ್ಧಿ ಮಾಡಿಕೊಳ್ಳಲಿಲ್ಲ’ ಎಂದು ಆಕೆ ಹೇಳಬೇಕು. ವಯಸ್ಸಿನಲ್ಲಿ, ಸಂಬಳದಲ್ಲಿ, ಅಧಿಕಾರದಲ್ಲಿ ಆಕೆ ಅವರಿಗಿಂತ ಕೆಳಗಿನವಳು. ಪ್ರಮಾಣಪತ್ರವಿದ್ದಾಗ ಆ ಮಾತು ಆಕೆಯ ಸ್ವಂತ ಮಾತಾಗಿ ಉಳಿಯುವುದಿಲ್ಲ. ಒಂದು ಶಾಸ್ತ್ರದ ಮಾತಾಗುತ್ತದೆ. ಸೆಮೆಲ್ವೈಸರಿಗೆ ಇಲ್ಲದೆ ಹೋದದ್ದು ಈ ಆಧಾರವೇ.

ಮೂರನೆಯ ಪ್ರಯೋಜನ ಸಂಸ್ಥೆಗೆ. ಸೋಂಕು ತಗಲಿದ ರೋಗಿ ಹೆಚ್ಚು ದಿನ ಹಾಸಿಗೆಯಲ್ಲಿರಬೇಕು, ದುಬಾರಿ ಔಷಧಗಳನ್ನು ಸೇವಿಸಬೇಕು. ಬಡವನಾದರೆ ಅವನ ಹೊಲವೋ ಮನೆಯೋ ಸಾಲಕ್ಕೆ ಹೋಗಬಹುದು. ಧರ್ಮಾರ್ಥ ಆಸ್ಪತ್ರೆಯಾದರೆ ಆ ವೆಚ್ಚ ದಾನಿಗಳ ಹಣದಿಂದಲೇ ಹೋಗುತ್ತದೆ. ತಡೆಯಬಹುದಾಗಿದ್ದ ಸೋಂಕಿನ ಚಿಕಿತ್ಸೆಗೆ ಸುರಿದ ಹಣ ಸೋರುವ ಕೊಡಕ್ಕೆ ತುಂಬಿದ ನೀರಿನಂತೆ.

ಕೆಲವು ಆಕ್ಷೇಪಗಳು

ಕಾಗದ ಕೈ ತೊಳೆಯುವುದಿಲ್ಲ ಎಂದು ಕೆಲವರು ಹೇಳಬಹುದು. ನಿಜ. ಪರೀಕ್ಷೆ ಅಳೆಯುವುದು ತಿಳಿವನ್ನು, ನಡತೆಯನ್ನಲ್ಲ. ಪ್ರಮಾಣಪತ್ರ ಪಡೆದವರನ್ನು ನೇಮಿಸಿ, ಅವರಿಗೆ ಬೇರೆ ಹತ್ತು ಕೆಲಸಗಳನ್ನು ಹೊರಿಸಿ, ಅವರ ವರದಿಯನ್ನು ಯಾರೂ ಓದದೆ ಬೀರುವಿನಲ್ಲಿಟ್ಟರೆ ಆ ಕಾಗದ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಆದುದರಿಂದ ಪ್ರಮಾಣಪತ್ರದ ಜೊತೆಗೆ ಅಧಿಕಾರವೂ ಸಮಯವೂ ದೊರೆಯಬೇಕು.

ವೈದ್ಯರಿಗೂ ದಾದಿಯರಿಗೂ ಪದವಿಗಳು ಇದ್ದೇ ಇವೆಯಲ್ಲ, ಮತ್ತೊಂದು ಪರೀಕ್ಷೆ ಏಕೆ ಎಂಬುದು ಇನ್ನೊಂದು ಆಕ್ಷೇಪ. ಪದವಿ ವೃತ್ತಿಯ ಹೆಬ್ಬಾಗಿಲು. ಒಳಗೆ ಕೋಣೆಗಳು ಹಲವು. ಹೃದ್ರೋಗಕ್ಕೂ ಕಣ್ಣಿನ ರೋಗಕ್ಕೂ ಪ್ರತ್ಯೇಕ ಪರಿಣತಿ ಬೇಕೆಂದು ಒಪ್ಪುವ ನಾವು, ಎಲ್ಲ ವಿಭಾಗಗಳ ರೋಗಿಗಳನ್ನೂ ಕಾಡುವ ಸೋಂಕಿಗೆ ಪರಿಣತಿ ಬೇಡವೆನ್ನುವುದು ಹೇಗೆ?

ಶುಲ್ಕ ಹೆಚ್ಚು, ಪರೀಕ್ಷೆ ಇಂಗ್ಲಿಷಿನಲ್ಲಿ, ನಮ್ಮ ತಾಲ್ಲೂಕು ಆಸ್ಪತ್ರೆಯ ದಾದಿಗೆ ಅದು ಎಟುಕದು ಎಂಬ ಮಾತು ಎಲ್ಲಕ್ಕಿಂತ ತೂಕವುಳ್ಳದ್ದು. ಇದಕ್ಕೆ ಉತ್ತರ ಒರೆಗಲ್ಲನ್ನು ಬಿಸಾಡುವುದಲ್ಲ, ಅದನ್ನು ಹತ್ತಿರ ತರುವುದು. ಶುಲ್ಕವನ್ನು ಆಸ್ಪತ್ರೆಯೋ ದಾನಿಗಳೋ ಭರಿಸಬಹುದು. ದೇಶದೊಳಗೆ ನಡೆಯುವ ತರಬೇತಿಗಳು ಹಾಜರಿಯ ಪತ್ರದಲ್ಲಿ ಮುಗಿಯದೆ, ಹೊರಗಿನವರು ನಡೆಸುವ ಪರೀಕ್ಷೆಯಲ್ಲಿ ಕೊನೆಗೊಳ್ಳುವಂತೆ ಮಾಡಬಹುದು. ವಾರ್ಡಿನ ಸಹಾಯಕರಿಗೂ ಶುಚಿ ಮಾಡುವ ಕೆಲಸಗಾರರಿಗೂ ಕನ್ನಡದಲ್ಲಿಯೇ ಪಾಠ ಹೇಳಿ, ಮಾಡಿ ತೋರಿಸಲು ಹೇಳಿ, ಅವರ ಕೌಶಲವನ್ನು ಪರೀಕ್ಷಿಸಬಹುದು.

ನಮ್ಮ ದೇಶದಲ್ಲಿ

ನಮ್ಮಲ್ಲಿ ಕೆಲಸ ನಡೆದಿಲ್ಲವೆಂದಲ್ಲ. ಆಸ್ಪತ್ರೆಯ ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಬೇಕೆಂಬ ನಿಯಮ ೨೦೧೬ರಲ್ಲಿ ಬಂತು. ಸರ್ಕಾರಿ ಆಸ್ಪತ್ರೆಗಳ ಶುಚಿತ್ವಕ್ಕೆ ಬಹುಮಾನ ನೀಡುವ ‘ಕಾಯಕಲ್ಪ’ ಯೋಜನೆ ೨೦೧೫ರಲ್ಲಿ ಆರಂಭವಾಯಿತು. ಸೋಂಕು ನಿವಾರಣೆಯ ರಾಷ್ಟ್ರೀಯ ಮಾರ್ಗಸೂಚಿಯನ್ನು ಕೇಂದ್ರ ಆರೋಗ್ಯ ಸಚಿವಾಲಯ ೨೦೨೦ರಲ್ಲಿ ಪ್ರಕಟಿಸಿತು. ಎನ್.ಎ.ಬಿ.ಎಚ್. ಮನ್ನಣೆ ಬಯಸುವ ಆಸ್ಪತ್ರೆಗಳು ಸೋಂಕು ನಿಯಂತ್ರಣದ ವ್ಯವಸ್ಥೆಯನ್ನು ತೋರಿಸಬೇಕಾಗುತ್ತದೆ. ಇವೆಲ್ಲ ಸ್ವಾಗತಾರ್ಹವೇ. ಆದರೆ ಇವು ಮುಖ್ಯವಾಗಿ ಒರೆಗೆ ಹಚ್ಚುವುದು ಸಂಸ್ಥೆಯನ್ನು. ಶಾಲೆಗೆ ಮಾನ್ಯತೆ ದೊರೆತ ಮಾತ್ರಕ್ಕೆ ಉಪಾಧ್ಯಾಯರ ವಿದ್ವತ್ತು ಸಿದ್ಧವಾಗುವುದಿಲ್ಲವಷ್ಟೆ. ಆಸ್ಪತ್ರೆಗೂ ಅದೇ ಮಾತು. ಪರಿಶೀಲಕರು ಬರುವ ದಿನ ಎಲ್ಲ ಕಡೆ ಸೋಪು ಇರುತ್ತದೆ. ಉಳಿದ ದಿನಗಳಲ್ಲಿ ಅದು ಇರುವಂತೆ ನೋಡಿಕೊಳ್ಳುವುದು ಆ ವಿದ್ಯೆಯನ್ನು ಬಲ್ಲ ಒಬ್ಬ ವ್ಯಕ್ತಿಯಿಂದ ಮಾತ್ರ ಸಾಧ್ಯ.

ಉಪಸಂಹಾರ

೨೦೨೦ರ ಕೋವಿಡ್ ಪಿಡುಗಿನಲ್ಲಿ ಕೈ ತೊಳೆಯಿರೆಂಬ ಮಾತನ್ನು ಮಕ್ಕಳಾದಿಯಾಗಿ ಎಲ್ಲರೂ ಕೇಳಿದರು. ಭಯ ಕಳೆದಂತೆ ಮಾತೂ ಮರೆಯಾಗುತ್ತಿದೆ. ಭಯದಿಂದ ಬಂದ ಶಿಸ್ತು ಭಯದೊಡನೆ ಹೋಗುತ್ತದೆ. ವಿದ್ಯೆಯಿಂದ ಬಂದ ಶಿಸ್ತು ನಿಲ್ಲುತ್ತದೆ.

ಆಸ್ಪತ್ರೆಗೆ ಹಾಸಿಗೆಯನ್ನೋ ಯಂತ್ರವನ್ನೋ ಕಟ್ಟಡವನ್ನೋ ದಾನವಾಗಿ ಕೊಡುವ ಮಹನೀಯರು ಅದರೊಡನೆ ಒಂದು ಪ್ರಶ್ನೆಯನ್ನೂ ಕೇಳುವಂತಾಗಲಿ: ಇಲ್ಲಿ ಸೋಂಕಿನ ಹೊಣೆ ಹೊತ್ತವರು ಯಾರು, ಅವರನ್ನು ಪರೀಕ್ಷಿಸಿದವರು ಯಾರು? ಹಾಸಿಗೆಯ ಮೇಲೆ ದಾನಿಯ ಹೆಸರು ಕಾಣುತ್ತದೆ. ಒಬ್ಬ ದಾದಿಯ ಅಭ್ಯಾಸಕ್ಕೂ ಪರೀಕ್ಷೆಗೂ ಕೊಟ್ಟ ಹಣದ ಮೇಲೆ ಯಾರ ಹೆಸರೂ ಕಾಣದು. ತಗಲದೆ ಹೋದ ಸೋಂಕನ್ನು ಯಾರೂ ಎಣಿಸಿ ತೋರಿಸಲಾರರು. ಬದುಕಿ ಮನೆಗೆ ಹೋದ ತಾಯಿಗೆ ತಾನು ಯಾವುದರಿಂದ ಉಳಿದೆನೆಂಬುದು ತಿಳಿಯುವುದೂ ಇಲ್ಲ. ಕಣ್ಣಿಗೆ ಕಾಣದ ಈ ಫಲಕ್ಕಾಗಿ ದುಡಿಯುವವರನ್ನು ಗುರುತಿಸಿ, ಕಲಿಸಿ, ಒರೆಗೆ ಹಚ್ಚಿ, ಅವರ ಮಾತಿಗೆ ಬೆಲೆ ಕೊಡುವುದು ವಿದ್ಯೆಯನ್ನು ಗೌರವಿಸುವ ಸಮಾಜದ ಕರ್ತವ್ಯವಾಗಿದೆ.